ಉಸಿರು ಕಟ್ಟುವ ಕೆಲಸ

ಬಾಯಿ ಮುಚ್ಚದವನಿಗೆ ಬಾಯಿ ಮುಚ್ಚುವ ಕೆಲಸ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ರೇಡಿಯೊನೇ ಸಾಕ್ಷಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ನಿದ್ದೆಯಲ್ಲೂ ವಟಗುಟ್ಟುವವನನ್ನು ಬೀದಿಯವರು ಮತ್ತೇನೆಂದು ಕರೆಯಬೇಕು?

ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಊರಾಚೆ ಕಡಲಿಗೆ ಚಾಚಿಕೊಂಡ ಬಂಡೆಯ ಮೇಲೆ ನಿಂತು ಎರಡು ಗಾಜಿನ ಸೀಸೆಗಳಲ್ಲಿ ಗಾಳಿ ಹಿಡಿಯುವುದು ಅವನ ಕೆಲಸ. ಸೀಸೆಯೊಳಗಿನ ಗಾಳಿಯನ್ನು ಮೊದಲೇ ಹೀರಿ ತೆಗೆದಿರುತ್ತಾರೆ. ತಿರುಪು ಬಿಟ್ಟರೆ ಹೊರಗಿನ ಗಾಳಿ ಬುಸ್ಸೆಂದು ಒಳಗೆ ನುಗ್ಗುತ್ತದೆ. ದೂರದ ಪ್ರಯೋಗಾಲಯದಲ್ಲಿ ಅದರ ಇಂಗಾಲದ ಡೈಆಕ್ಸೈಡ್ ಅಳೆಯುತ್ತಾರೆ. ಭೂಮಿಯ ಮೇಲಿನ ಕಾರು, ಕಾರ್ಖಾನೆ, ಕಾಡ್ಗಿಚ್ಚು ಉಗುಳಿದ್ದು, ಕಾಡು ಕಡಲು ನುಂಗಿದ್ದು, ಎಲ್ಲದರ ಗುಟ್ಟೂ ಆ ಬುಸ್ಸಿನಲ್ಲಿ. ಆದರೆ ಮನುಷ್ಯ ಬಿಡುವ ಉಸಿರಿನಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ನೂರು ಪಟ್ಟು ಹೆಚ್ಚು. ಹಾಗಾಗಿ ಸೀಸೆ ಹಿಡಿದವನು ಗಾಳಿಗೆ ಮುಖಕೊಟ್ಟು ಒಂದು ನಿಮಿಷ ಉಸಿರು ಕಟ್ಟಿ ನಿಲ್ಲಬೇಕು.

ರೇಡಿಯೊ ಹನ್ನೊಂದು ವರ್ಷ ಹಾಗೆ ನಿಂತ. ವಾರಕ್ಕೊಂದು ನಿಮಿಷ ಸುಮ್ಮನಿದ್ದು, ಸುಮ್ಮನಿದ್ದ ಕಥೆಯನ್ನು ವಾರವಿಡೀ ಹೇಳಿಕೊಂಡು ತಿರುಗಿದ.

ಹೆಂಡತಿ ಮನೆಯ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಮೂರು ತಿಂಗಳ ಹಿಂದೆ ಬೆನ್ನುನೋವೆಂದು ಮಂಗಳವಾರ ರಜೆ ಮಾಡಿಕೊಂಡಳು. ಮೊದಲ ರಜೆಯ ದಿನ ಅವನು ಬಿಟ್ಟುಹೋದ ಟೋಪಿ ಕೊಡಲು ಬಂಡೆಗೆ ಬಂದಳು.

“ಟೋಪಿ ಮರೆತಿದ್ರಿ.” ಉತ್ತರವಿಲ್ಲ. “ಕತ್ತರಿ ಎಲ್ಲಿಟ್ರಿ?” ಅದಕ್ಕೂ ಇಲ್ಲ.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನು ನಡುವೆ ಬಾಯಿ ಹಾಕದೆ ಅವಳ ಮಾತು ಕೊನೆ ಮುಟ್ಟಿದ್ದು ಅದೇ ಮೊದಲು. ರುಚಿ ಹತ್ತಿತು. ಮರುವಾರ ಟೋಪಿ ನೆಪವಿಲ್ಲದೆಯೇ ಬಂದಳು. ಅಲೆಗಳ ಅಬ್ಬರದಲ್ಲೂ ಕೇಳಿಸಲೆಂದು ಕಡಲಿನ ಕಡೆ, ಸೀಸೆಗೆ ಮೂರು ಗೇಣು ದೂರದಲ್ಲಿ ನಿಂತು, ಒಂದು ನಿಮಿಷ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡಳು. ಅವನು ಕೈಗಡಿಯಾರ ನೋಡುತ್ತ ಆಗಾಗ ತಲೆಯಾಡಿಸಿದ. ಅವಳಿಗೆ ಹಾಲು ಕುಡಿದಷ್ಟು ಸಂತೋಷ. ನಿಯಮದ ಹಾಳೆಯಲ್ಲಿ ಹೆಂಡತಿಯ ಪ್ರಸ್ತಾಪವೇ ಇರಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಕೊನೆಗೆ ಪ್ರಯೋಗಾಲಯದ ಮೇಡಂ ಫೋನ್ ಮಾಡಿದರು.

“ಮೂರು ತಿಂಗಳಿಂದ ನಿಮ್ಮ ಗಾಳಿ ಕೆಟ್ಟಿದೆ. ಬೇರೆ ಕಡಲತೀರಗಳದ್ದೆಲ್ಲ ಸರಿಯಾಗಿದೆ.”

“ನಾನು ಉಸಿರೇ ಬಿಟ್ಟಿಲ್ಲ ಮೇಡಂ.”

“ಗಾಳಿ ಬರೋ ಕಡೆಯಿಂದ ಯಾರೋ ಬಿಟ್ಟಿದಾರೆ. ಇನ್ನೊಂದು ಸಲ ಹೀಗಾದ್ರೆ ಆ ಬಂಡೆ ಬಿಟ್ಟು ಬೇರೆ ಜಾಗ ನೋಡ್ತೀವಿ.”

ಆ ಬಂಡೆ ಹೋದರೆ ರೇಡಿಯೊ ಬರೀ ಬಾಯಿಬಡುಕ. ಹಂಚಿನ ಕಾರ್ಖಾನೆಯ ಚಿಮಣಿ ನೋಡಿ ಬಂದ. ಅದು ತಣ್ಣಗಾಗಿ ಎರಡು ವರ್ಷವಾಗಿತ್ತು. ಬಂಡೆಯ ಹಿಂದೆ ಮೇಯುತ್ತಿದ್ದ ಕತ್ತೆಯ ಮೇಲೆ ಗುಮಾನಿ ಬಂದು ಅದನ್ನು ಎಳೆದೊಯ್ಯಲು ಹೋದ. ಕತ್ತೆಯೇ ಅವನನ್ನು ಬೀದಿಯವರೆಗೆ ಎಳೆದು ತಂದು ಬಿಟ್ಟಿತು. ಮೈಕೈ ತರಚಿಕೊಂಡು ಹೆಂಡತಿಯ ಮುಂದೆ ಕೂತು ಎಲ್ಲ ತೋಡಿಕೊಂಡ.

ಹೊಲಿಗೆ ಯಂತ್ರ ನಿಂತಿತು.

“ಗಾಳಿ ಯಾವ ಕಡೆಯಿಂದ ಬರುತ್ತೆ?”

“ಕಡಲ ಕಡೆಯಿಂದ.”

“ಕತ್ತೆ ಮೇಯೋದು ಹಿಂದೆ ಅಲ್ವಾ? ಮುಂದೆ ಯಾರು ನಿಂತಿರ್ತಾರೆ?”

ರೇಡಿಯೊ ಅವಳನ್ನೇ ನೋಡಿದ. “ಮಾತಾಡುವಾಗ ನೀನು ಉಸಿರೂ ಬಿಡ್ತೀಯಾ?”

“ಇಲ್ಲ, ಪೆಡಲ್ ತುಳಿದ್ರೆ ಓಡ್ತೀನಿ.” ಅವಳು ದಾರ ಕಚ್ಚಿ ತುಂಡರಿಸಿದಳು. “ಪ್ರಪಂಚದ ಹೊಗೆಯೆಲ್ಲ ಆ ಸೀಸೆಗೆ ಹಿಡಿಸುತ್ತೆ, ನಂದೊಂದು ಹೆಚ್ಚಾಯ್ತಾ?”

“ಪ್ರಪಂಚದ್ದು ಸಾವಿರಾರು ಮೈಲಿ ಸುತ್ತಿ, ಎಲ್ಲಾ ಕಲೆತು ಬರುತ್ತೆ. ನಿಂದು ಬಿಸಿಬಿಸಿ ಇಳಿಯುತ್ತೆ. ನನ್ನ ಹಿಂದೆ ನಿಂತ್ಕೋ.”

“ಹಿಂದೆ ನಿಂತ್ರೆ ಮಾತು ಊರ ಕಡೆ ಹಾರಿಹೋಗುತ್ತೆ. ನಿಮಗೆ ಕೇಳಿಸೋದು ಹೇಗೆ?”

“ಮುಂದೆ ನಿಂತಾಗ ಕೇಳಿಸಿದ್ದೇನು? ನಾನು ಸೆಕೆಂಡ್ ಎಣಿಸ್ತಿದ್ದೆ.”

“ತಲೆ ಆಡಿಸ್ತಿದ್ರಲ್ಲ?”

“ಅದು ಹತ್ತಕ್ಕೊಂದ್ಸಲ. ಎಣಿಕೆ ತಪ್ಪಬಾರದು ಅಂತ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಕೂಗಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

“ಮೂರು ತಿಂಗಳು ಗಡಿಯಾರಕ್ಕೆ ಕಷ್ಟಸುಖ ಹೇಳ್ಕೊಂಡೆ ಅನ್ನಿ,” ಎಂದಳು ಮೆಲ್ಲಗೆ. ಹೊಲಿದ ಬಟ್ಟೆ ಮಡಿಸಿಟ್ಟು, “ನಾನು ಸೀಸೆ ಹತ್ರ ಬರಲ್ಲ. ಆದ್ರೆ ಅದು ಮುಚ್ಚಿದ ಮೇಲೆ ಮನೆವರೆಗೂ ನೀವು ಬಾಯಿ ಬಿಡಬಾರದು. ಉಸಿರು ಎಷ್ಟಾದ್ರೂ ಬಿಡಿ.”

“ಹದಿನೈದು ನಿಮಿಷದ ದಾರಿ ಕಣೇ.”

“ನಿಧಾನ ನಡೆದ್ರೆ ಇಪ್ಪತ್ತು.”

ಮುಂದಿನ ಮಂಗಳವಾರ ಅವಳು ಬಂಡೆಯ ಕೆಳಗೆ, ಹಿಂದುಗಡೆ ಬಹುದೂರದಲ್ಲಿ ನಿಂತಳು. ಸೀಸೆ ತುಂಬಿತು, ತಿರುಪು ಮುಚ್ಚಿತು, ಇಬ್ಬರೂ ಹೊರಟರು. ಉಸಿರು ಕಟ್ಟುವುದು ಮಕ್ಕಳಾಟ, ಮಾತು ಕಟ್ಟುವುದು ಹೆರಿಗೆ ನೋವು ಎಂದು ರೇಡಿಯೊಗೆ ಅಂದು ತಿಳಿಯಿತು. ಎಣಿಸಲು ಸೆಕೆಂಡೂ ಇಲ್ಲ, ಕೇಳದೆ ಗತಿಯಿಲ್ಲ. ದಾರಿಯಲ್ಲಿ ಕ್ಷೌರಿಕ ಅವನ ಮುಖ ನೋಡಿ, “ಹಲ್ಲು ಕೀಳ್ಸಿದ್ರಾ?” ಎಂದು ಕನಿಕರಪಟ್ಟ.

ಮೂರನೇ ಮಂಗಳವಾರ, ಅರ್ಧ ದಾರಿ ಬಂದಿದ್ದರು.

“ಹಿಂದಿನ ಕೋಣೆ ಕತ್ತಲು,” ಎನ್ನುತ್ತಿದ್ದಳು ಅವಳು. “ಸೂಜಿಗೆ ದಾರ ಪೋಣಿಸೋಕೆ ಕಣ್ಣೇ ಕಾಣಲ್ಲ. ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಯ್ತು. ಮನೇಲಿ ಬೆಳಕು ಬರೋದು ಅಂದ್ರೆ ಬೀದಿ ಕಿಟಕಿ ಒಂದೇ…”

ಆ ಕಿಟಕಿಯೆಂದರೆ ರೇಡಿಯೊನ ಸಿಂಹಾಸನ. ಅಲ್ಲಿ ಕುರ್ಚಿ ಹಾಕಿಕೊಂಡೇ ಅವನು ಹೋಗಿಬರುವವರನ್ನೆಲ್ಲ ಹಿಡಿದು ಮಾತಾಡಿಸುತ್ತಿದ್ದದ್ದು. ಬಾಯಿ ತೆರೆಯುವುದರಲ್ಲಿದ್ದ, ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಪ್ರಯೋಗಾಲಯದ ನಂಬರು. ಫೋನನ್ನು ಅವಳ ಕೈಗಿಟ್ಟ.

“ಅವರು ಮಾತಾಡೋ ಹಾಗಿಲ್ಲ ಮೇಡಂ, ನಂಗೆ ಹೇಳಿ. ಹೌದಾ? ಉಳಿದ ತೀರಗಳ ಗಾಳಿಗೂ ಇದಕ್ಕೂ ಹೊಂದುತ್ತಾ? ಹಾಗಾದ್ರೆ ಬಂಡೆ ನಮ್ದೇ. ಸೀಸೆ ಕಳ್ಸ್ತಾ ಇರಿ. ಹೂಂ, ಹೇಳ್ತೀನಿ.”

ರೇಡಿಯೊನ ಕಣ್ಣಲ್ಲಿ ನೀರು. ಹೇಳಲು ಬೆಟ್ಟದಷ್ಟಿತ್ತು. ಮನೆ ಇನ್ನೂ ಏಳು ನಿಮಿಷ ದೂರ. ಅವನು ತುಟಿ ಬಿಗಿಹಿಡಿದ.

“ಎಲ್ಲಿಗೆ ನಿಲ್ಲಿಸಿದ್ದೆ?” ಎಂದಳು ಅವಳು.

ಅವನು ರಸ್ತೆ ನಡುವೆಯೇ ನಿಂತ. ಇಲ್ಲದ ಕುರ್ಚಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ, ಇಲ್ಲದ ಕಿಟಕಿಯ ಪಕ್ಕದಿಂದ ಏದುಸಿರು ಬಿಡುತ್ತ ಎಳೆದು ಆಚೆಗಿಟ್ಟ.

“ಅದನ್ನ ನಾನಿನ್ನೂ ಹೇಳೇ ಇರ್ಲಿಲ್ಲ,” ಎಂದಳು ಅವಳು.