ಮೊದಲ ತುತ್ತು

ಅನ್ನದ ಮೇಲೆ ತಡೆದು ನಿಂತ ಒಂದು ಬಲಗೈ. ಐದು ಬೆರಳೂ ತುತ್ತು ಹಿಡಿಯಲೆಂದು ಕೂಡಿವೆ, ಆದರೆ ಕೈ ಕೆಳಗಿಳಿಯುವುದಿಲ್ಲ. ನನ್ನ ನಾಡಿನ ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಈ ಕೈ.

ನಮ್ಮಲ್ಲಿ ಮಕ್ಕಳಿಗೆ ನೆಟ್ಟಗೆ ಮಾತು ಬರುವ ಮೊದಲೇ ಇದನ್ನು ಕಲಿಸುತ್ತಾರೆ. ಯಾರ ಮನೆಗೆ ಹೋದರೂ, ಆ ಮನೆಯವರು ನಿನ್ನೆದುರು ಕೂತು ಅದೇ ಅಡಿಗೆಯ ಮೊದಲ ತುತ್ತು ನುಂಗುವ ತನಕ ನೀನು ಕೈ ತಡೆಯಬೇಕು. ನಮ್ಮದು ಕಾಡುಗೆಡ್ಡೆ ತಿಂದು ಬದುಕಿದ ನಾಡು. ಆ ಗೆಡ್ಡೆಯನ್ನು ಹೆಚ್ಚಿ, ಹರಿಯುವ ನೀರಿನಲ್ಲಿ ನೆನೆಹಾಕಿ, ಕಹಿ ಬಿಡಿಸಿ ಬೇಯಿಸಬೇಕು. ಅವಸರ ಮಾಡಿದರೆ ನಂಜು. ಯಾವುದೋ ಕಾಲದಲ್ಲಿ, ಯಾರದೋ ಮನೆಗೆ ಬಂದ ನೆಂಟನೊಬ್ಬ ಅದನ್ನು ಉಂಡು ಸತ್ತನಂತೆ. ಅಂದಿನಿಂದ ಮೊದಲ ತುತ್ತು ಮನೆಯವರದು. ಸಾಯುವುದಿದ್ದರೆ ನಾವು ಸಾಯೋಣ, ನಂಬಿ ಬಂದವರು ಬೇಡ ಎಂಬುದು ಅದರ ಅರ್ಥ. ಇಷ್ಟು ಸಭ್ಯವಾದ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದೇ ಪದ್ಧತಿಯ ಹೆಸರು ಕೇಳಿ ಜನ ವಾಕರಿಸಿದ್ದನ್ನೂ ಕಂಡಿದ್ದೇನೆ.

ನಾನು ಮತ್ತು ಚಿಗವ್ವ ನಾಡು ಬಿಟ್ಟು ಬಂದು ಗುಡ್ಡಸಾಲಿನ ಈಚೆಯ ಒಂದು ಊರಿನಲ್ಲಿ ಖಾನಾವಳಿ ಇಟ್ಟಿದ್ದೆವು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ನಿಂಬವ್ವ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಗುಡ್ಡಸಾಲಿನ ಆಚೆಗಿದ್ದ ನಮ್ಮ ನಾಡಿಗೆ ಒಂದು ಒಳ್ಳೆಯ ಹೆಸರಿತ್ತು. ಊರಿನವರು ಅದನ್ನು ಬಾಯಿಗೆ ತರುತ್ತಿರಲಿಲ್ಲ, ಮೂಗು ಮುರಿದು 'ಆಚೆಸೀಮೆ' ಎನ್ನುತ್ತಿದ್ದರು. ಒಬ್ಬರನ್ನು ಬಿಟ್ಟರೆ ಅದನ್ನು ಕಣ್ಣಾರೆ ಕಂಡವರು ಅವರಲ್ಲಿ ಇರಲಿಲ್ಲ. ಆದರೂ ಅಲ್ಲಿಯವರು ಮೈ ತೊಳೆಯುವುದಿಲ್ಲ, ಹೆಣದ ಮುಂದೆ ನಗುತ್ತಾರೆ, ಹೆತ್ತ ಮಕ್ಕಳನ್ನು ಮಾರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾವು ಎಲ್ಲಿಯವರೆಂದು ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಊಟ ರುಚಿಯಾಗಿದ್ದರೆ ಜನಕ್ಕೆ ಅಡಿಗೆಯವಳ ಊರು ಬೇಕಾಗುವುದಿಲ್ಲ.

ಆ ಊರಿನಲ್ಲಿ ಬಂದವರು ಉಂಡೆದ್ದ ಮೇಲೆಯೇ ಮನೆಯವರ ಊಟ. ಗಿರಾಕಿಗಳೆದುರು ಕೂತು ನಾವು ಮೊದಲು ಬಾಯಿಗೆ ಹಾಕುವುದು ಆಗದ ಮಾತು. ಚಿಗವ್ವ ಅದಕ್ಕೊಂದು ದಾರಿ ಹುಡುಕಿದ್ದಳು. ಬಡಿಸುವ ಮೊದಲು ಅಡಿಗೆಮನೆಯ ಪರದೆಯ ಹಿಂದೆ ನಿಂತು ಎಲ್ಲದರದೂ ಒಂದು ತುತ್ತು ಬೇರೆ ತೆಗೆದುಕೊಂಡು ನುಂಗುತ್ತಿದ್ದಳು.

"ಯಾರೂ ನೋಡಂಗಿಲ್ಲ, ಮತ್ಯಾಕ?" ಎಂದು ನಾನು ಕೇಳಿದ್ದೆ.

"ನಾ ನೋಡ್ತೀನಲ್ಲ," ಎಂದಿದ್ದಳು.

ಊರಿನಲ್ಲಿ ಮೃಗೇಂದ್ರಪ್ಪ ಎಂಬ ದೊಡ್ಡ ಮನುಷ್ಯರಿದ್ದರು. ಆಚೆಸೀಮೆಯಲ್ಲಿ ವರ್ಷಗಟ್ಟಲೆ ಅಲೆದು, ಜೀವ ಉಳಿಸಿಕೊಂಡು ಬಂದವರೆಂದು ಅವರಿಗೆ ಹೆಸರು. ಸಭಾಭವನದಲ್ಲಿ ಅವರ ಉಪನ್ಯಾಸವೆಂದರೆ ಬಾಗಿಲ ತನಕ ಜನ. ಬಿಳಿಯ ರುಮಾಲು, ಹದವಾದ ದನಿ. ಪರರ ಮನೆಯ ಅನ್ನ ಮುಟ್ಟದ ನೇಮಸ್ಥರೆಂಬ ಗೌರವ ಬೇರೆ. ನಾಡಿನ ಸುದ್ದಿಯಾದರೂ ಕಿವಿಗೆ ಬೀಳಲಿ ಎಂಬ ಆಸೆಯಿಂದ ಒಂದು ಸಂಜೆ ನಾನೂ ಹೋಗಿ ಹಿಂದೆ ಕೂತೆ.

"ಆ ಸೀಮೆಯಲ್ಲಿ ನಿಮಗೆ ಬಡಿಸಿದ ಮೇಲೆ ಮೊದಲು ಯಾರು ತಿನ್ನುತ್ತಾರೆ ಗೊತ್ತೇನು?" ಎಂದು ಅವರು ತಡೆದು, ಸಭೆಯನ್ನು ಒಮ್ಮೆ ನೋಡಿದರು. "ಮನೆಯವರು! ಅವರ ಎಂಜಲು ನಿಮಗೆ. ಯಾಕೆ ಅಂದರೆ, ಅಲ್ಲಿ ಅನ್ನಕ್ಕೆ ನಂಜು ಹಾಕುವುದು ಮನೆಮನೆಯ ವಿದ್ಯೆ. ಒಬ್ಬರನ್ನೊಬ್ಬರು ನಂಬದ ಜನ."

ಸಭೆ "ಛೀ, ಛೀ" ಎಂದಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಂದಿನ ಮಾತು ತಪ್ಪೀತೆಂದು ಮುಂದಕ್ಕೂ ಬಾಗಿದಳು. ಅಸಹ್ಯಪಡುವುದರಲ್ಲಿ ಅವರಿಗೆ ಎಂಥ ಸುಖವಿತ್ತು! ಹಬ್ಬದೂಟಕ್ಕೆ ಕೂತವರ ಮುಖದಲ್ಲೂ ನಾನು ಅಷ್ಟು ಕಳೆ ಕಂಡಿರಲಿಲ್ಲ. ನಾನು ಎದ್ದು ಬಂದೆ.

ಮಾರನೆಯ ದಿನ ಮಧ್ಯಾಹ್ನ ಗಡಿಯಾರದ ಅಂಗಡಿಯ ಅಡಿವೆಪ್ಪ ಊಟ ಮುಗಿಸಿ ಕೈ ತೊಳೆಯಲು ಪರದೆ ಸರಿಸಿ ಒಳಗೆ ಬಂದ. ಚಿಗವ್ವನ ಸಾರನ್ನು ತಾಟು ಬಳಿದು ಉಣ್ಣುತ್ತಿದ್ದ ಮನುಷ್ಯ, ನನ್ನನ್ನು ತಂಗಿ ಎನ್ನುತ್ತಿದ್ದವನು. ಅವನು ಬರುವುದಕ್ಕೂ, ಪರದೆಯ ಹಿಂದೆ ಚಿಗವ್ವ ಮುಂದಿನ ಪಂಕ್ತಿಗೆ ಮೊದಲ ತುತ್ತು ನುಂಗುವುದಕ್ಕೂ ಸರಿಹೋಯಿತು. ಅವನೂ ಉಪನ್ಯಾಸ ಕೇಳಿದವನೇ.

"ಆಚೆಸೀಮ್ಯೋರು!" ಎಂದು ಕಿರುಚಿದ. "ಇಷ್ಟು ದಿನಾ ನಮಗ ಎಂಜಲಾ ಉಣಿಸ್ಯಾರಲೇ!"

ಹೊರಗೋಡಿ, ಗಟಾರದ ಮೇಲೆ ಬಗ್ಗಿ, ಗಂಟಲಿಗೆ ಬೆರಳು ಹಾಕಿಕೊಂಡ. ಅವನನ್ನು ನೋಡಿ ಇನ್ನಿಬ್ಬರು ಹಾಗೇ ಮಾಡಿದರು. ಈಗಷ್ಟೇ ಬಾಯಿ ಚಪ್ಪರಿಸಿದ್ದ ಅನ್ನವನ್ನು ಬೆರಳು ತುರುಕಿ ತುರುಕಿ ಕಕ್ಕುವುದನ್ನು ನಾವು ಬಾಗಿಲಲ್ಲಿ ನಿಂತು ನೋಡಿದೆವು. ನೊಣ ಮುತ್ತಿದ ಆ ಗಟಾರವನ್ನು ಆಮೇಲೆ ತೊಳೆದವಳೂ ಚಿಗವ್ವನೇ.

ಖಾನಾವಳಿ ಬರಿದಾಯಿತು. ಮನೆಯ ಮಾಲಕ ತೋಟಪ್ಪ ಅಂಗಳದಲ್ಲೇ ನಿಂತು, "ಅಮಾಸಿಯೊಳಗ ಖಾಲಿ ಮಾಡ್ರಿ," ಎಂದ. ಹಿಂದೆ ಓಣಿಯ ಜನ ನಿಂತಿತ್ತು.

ಚಿಗವ್ವ ಸೆರಗು ಸರಿ ಮಾಡಿಕೊಂಡು ಹೊರಗೆ ಬಂದಳು. "ನಮ್ಮ ನಾಡ ಕಂಡೋರು ಒಬ್ಬರದಾರಲ್ರೀ ನಿಮ್ಮೂರಾಗ. ಮೃಗೇಂದ್ರಪ್ಪನೋರು. ಅವರು ನಮ್ಮನ್ಯಾಗ ಒಂದೂಟ ಮಾಡ್ಲಿ. ಉಂಡು, 'ಇವರು ಹೊಲಸು ಮಂದಿ' ಅಂದ್ರ ಮರುದಿನಾನ ಗಂಟುಮೂಟಿ ಕಟ್ತೀವಿ. 'ಚಲೋ ಅದಾರ' ಅಂದ್ರ ಇರಾಕ ಬಿಡ್ರಿ."

ತೋಟಪ್ಪನಿಗಿಂತ ಮೊದಲು ಓಣಿಯೇ ಒಪ್ಪಿಕೊಂಡಿತು. ತಮಾಷೆ ಯಾರಿಗೆ ಬೇಡ? ಮೃಗೇಂದ್ರಪ್ಪನವರು ನೇಮದ ನೆಪ ಹೇಳಿ ನೋಡಿದರಂತೆ. "ಅಷ್ಟು ಘೋರ ಸೀಮ್ಯಾಗ ತಿರುಗ್ಯಾಡಿದೋರು, ಇಬ್ಬರು ಹೆಂಗಸರ ಅಡಿಗಿಗೆ ಅಂಜತೀರೇನ್ರೀ?" ಎಂದು ಜನ ನಕ್ಕಾಗ ಬರಲೇಬೇಕಾಯಿತು.

ಅವತ್ತು ಚಿಗವ್ವ ಕಾಡುಗೆಡ್ಡೆಯ ಪಲ್ಯ ಮಾಡಿದ್ದಳು. ನಾಡಿನಿಂದ ತಂದು, ಒಣಗಿಸಿ ಕಾಪಾಡಿಕೊಂಡಿದ್ದ ಗೆಡ್ಡೆ ಅದು. ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದಾಗ ಮೃಗೇಂದ್ರಪ್ಪನವರು ಹೊಸ್ತಿಲಲ್ಲೇ ಒಂದು ಗಳಿಗೆ ನಿಂತರು. ಆಮೇಲೆ ಒಳಬಂದು ಮಣೆಯ ಮೇಲೆ ಕೂತರು. ಬಾಗಿಲು, ಕಿಟಕಿ, ಎಲ್ಲೆಲ್ಲೂ ಮುಖಗಳು. ಎಂಜಲಿನ ಮಾತು ಬರಬಾರದೆಂದು ಚಿಗವ್ವ ಊರಿನ ಪದ್ಧತಿಯಂತೆಯೇ ಬಡಿಸಿ, ದೂರ ಸರಿದು ನಿಂತಳು.

"ಉಣ್ರೀ."

ಅವರ ಬಲಗೈ ತಾಟಿನ ಮೇಲೆ ಬಂತು. ಬೆರಳು ಕೂಡಿದವು. ಕೈ ಅಲ್ಲೇ ನಿಂತಿತು.

"ಹವಾ ಭಾಳ ಬಿಸಿ ಆತು ಇತ್ತೀಚಿಗೆ," ಎಂದರು. ಹಣೆಯಲ್ಲಿ ಬೆವರು ಮೂಡಿತು. ಕೈಯನ್ನು ಇನ್ನೊಂದಿಷ್ಟು ಕೆಳಗೆ ತಂದರು. ಅದು ಮತ್ತೆ ಮೇಲೆಯೇ ನಿಂತಿತು.

"ನೋಡ್ರಲೇ, ನಂಜು ಇರಬೇಕಂತ ಅವರಿಗೂ ಅಂಜಿಕಿ," ಎಂದು ಕಿಟಕಿಯಲ್ಲಿ ಅಡಿವೆಪ್ಪ ಪಿಸುಗುಟ್ಟಿದ.

ನಾನು ಚಿಗವ್ವನನ್ನು ನೋಡಿದೆ, ಚಿಗವ್ವ ನನ್ನನ್ನು ನೋಡಿದಳು. ಆ ಕೈಯನ್ನು ನಾವು ಬಲ್ಲೆವು. ಅಂಜಿದವನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಹಾಗೆ ಬೆರಳು ಕೂಡಿಸಿ ಕಾಯುವುದನ್ನು ತಾಯಿಯ ತೊಡೆಯ ಮೇಲೆ ಕೂತು ಕಲಿತಿರಬೇಕು. ಅವರು ನಮ್ಮ ನಾಡನ್ನು ನೋಡಿ ಬಂದವರಲ್ಲ, ಅಲ್ಲೇ ಹುಟ್ಟಿದವರು! ಪರರ ಮನೆಯಲ್ಲಿ ಉಣ್ಣದ ಆ ದೊಡ್ಡ ನೇಮದ ಗುಟ್ಟೂ ನನಗೆ ಆಗಲೇ ತಿಳಿಯಿತು. ಯಾರೂ ಮೊದಲ ತುತ್ತು ತಿನ್ನದ ಈ ಊರಿನಲ್ಲಿ ಅವರಿಗೆ ಉಣ್ಣಲು ಆಗುತ್ತಿರಲಿಲ್ಲ, ಅಷ್ಟೇ.

ಚಿಗವ್ವ ಇನ್ನೊಂದು ತಾಟಿಗೆ ಅದೇ ಪಲ್ಯ ಹಾಕಿಕೊಂಡು ಅವರೆದುರು ಕೂತು, ತುತ್ತು ಮಾಡಿ ನುಂಗಿದಳು. ಕಿಟಕಿಯ ಮುಖಗಳು "ಛೀ" ಎಂದವು. ಅದೇ ಗಳಿಗೆ ಅವರ ಕೈ ಅನ್ನಕ್ಕೆ ಬಿತ್ತು. ಎಷ್ಟು ವರ್ಷದ ಹಸಿವೋ! ತಲೆ ಎತ್ತದೆ ಉಂಡರು. ಗೆಡ್ಡೆಯ ಪಲ್ಯವನ್ನು ಕೇಳಿ ಹಾಕಿಸಿಕೊಂಡರು, ತಾಟಿನ ಅಂಚನ್ನೂ ಬಳಿದರು.

ಕೈ ತೊಳೆದು ಹೊರಗೆ ಹೋದಾಗ ತೋಟಪ್ಪ ಕೇಳಿದ, "ಏನಂತೀರಿ, ಸಾಹೇಬ್ರ?"

ಒಂದು ಮಾತು ಸಾಕಿತ್ತು. ಅವರು ರುಮಾಲು ಸರಿಪಡಿಸಿಕೊಂಡು ಸಭಾಭವನದ ದನಿ ತೆಗೆದರು. "ನಾನು ಹೇಳಿರಲಿಲ್ಲವೇನು? ಕಣ್ಣಾರೆ ಕಂಡಿರಲ್ಲ, ಮೊದಲು ತಾವೇ ತಿನ್ನುತ್ತಾರೆ. ಹೊಲಸು ಮಂದಿ."

ಜನ ಹೋ ಎಂದು ನಕ್ಕಿತು. ಅವರ ಮೀಸೆಯ ತುದಿಯಲ್ಲಿ ನಮ್ಮ ಪಲ್ಯದ ಒಗ್ಗರಣೆಯ ಸಾಸಿವೆ ಇನ್ನೂ ಅಂಟಿತ್ತು. ಅದನ್ನು ನೋಡಿ ನನಗೆ ಬಂದ ಹೇಸಿಗೆ ಗಟಾರದ ಮುಂದೆಯೂ ಬಂದಿರಲಿಲ್ಲ. "ಇವರೂ..." ಎಂದು ಬಾಯಿ ತೆರೆದೆ. ಚಿಗವ್ವ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಬ್ಯಾಡ. ನಮ್ಮ ಮನ್ಯಾಗ ಉಂಡಾನ. ಉಂಡೋರ ಮಾನ ಕಳ್ಯಾಂಗಿಲ್ಲ."

ಇದೂ ನಮ್ಮ ನಾಡಿನ ಪದ್ಧತಿಯೇ. ನಿಜ ಹೇಳಬೇಕೆಂದರೆ ಅವತ್ತು ನನಗೆ ಅದರ ಮೇಲೂ ಸಿಟ್ಟು ಬಂದಿತ್ತು.

ಮರುದಿನ ಚಿಗವ್ವ ಬಂಡಿ ಗೊತ್ತುಮಾಡಲು ಹೋಗಿದ್ದಳು. ನಾನು ಪಾತ್ರೆ ಕಟ್ಟುತ್ತಿದ್ದಾಗ ಹಿತ್ತಲ ಬಾಗಿಲು ಸದ್ದಾಯಿತು. ಮೃಗೇಂದ್ರಪ್ಪನವರು. ರುಮಾಲು ಇರಲಿಲ್ಲ. ಅವರು ಮಾತಾಡಿದ್ದು ಉಪನ್ಯಾಸದ ಭಾಷೆಯಲ್ಲಲ್ಲ.

"ನಿನ್ನಿನ ಪಲ್ಯ ಉಳದೈತೇನವ್ವಾ? ನಮ್ಮವ್ವ ಹಿಂಗ ಮಾಡ್ತಿದ್ಲು," ಎಂದರು. ಒಳಗೆ ಬಂದು ಕೂತು, "ನೀವು ಈ ಊರಾಗ ಇದ್ರ ನನಗ ಕಷ್ಟ. ತಿಳಕೊಳವ್ವಾ," ಎಂದರು. ಮನೆ ಮುರಿಸಿದವನೇ ಹಿತ್ತಲಿಗೆ ಬಂದು ತುತ್ತು ಬೇಡುವುದೆಂದರೆ! ಕಣ್ಣಲ್ಲಿ ನೀರು ಬೇರೆ.

ನಾನು ತಾಟು ಇಟ್ಟೆ. ಅನ್ನ ಹಾಕಿ, ಗೆಡ್ಡೆಯ ಪಲ್ಯ ಹಾಕಿ, ನೀರಿಟ್ಟೆ. ಎದುರಿಗೇ ಕೂತು ಕೈ ಕಟ್ಟಿಕೊಂಡೆ.

"ಉಣ್ರಿ."

ಕೈ ಬಂತು, ಬೆರಳು ಕೂಡಿದವು, ನಿಂತವು. ಅವರು ನನ್ನ ಮುಖ ನೋಡಿದರು.

"ಒಂದು ತುತ್ತು ತಗೋ, ಮಗಳ."

"ಓಣ್ಯಾಗ ಹೋಗಿ ಅಡಿವೆಪ್ಪನ ಮುಂದ, ತೋಟಪ್ಪನ ಮುಂದ ಒಂದು ಮಾತು ಹೇಳಿ ಬರ್ರಿ. ನಾ ಯಾವ ನಾಡಿನಾಂವ ಅಂತ. ಬಂದ ಕೂಡಲೇ ತಗೋತೀನಿ."

ಅವರು ಏಳಲಿಲ್ಲ. ನಾನು ತುತ್ತು ತೆಗೆದುಕೊಳ್ಳಲಿಲ್ಲ. ಪಲ್ಯ ಆರಿತು, ಅನ್ನ ಒಣಗಿತು, ತಾಟಿನಂಚಿಗೆ ನೊಣ ಬಂತು. ಅವರ ಕೈ ಇಳಿಯಲಿಲ್ಲ. ಕೊನೆಗೆ ಅವರು ಅನ್ನ ಮುಟ್ಟದ ಕೈಯನ್ನೇ ಧೋತರಕ್ಕೆ ಒರೆಸಿಕೊಂಡು, ಹಿತ್ತಲಿನಿಂದಲೇ ಹೊರಟುಹೋದರು. ಅದಕ್ಕಾಗಿ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಚಿಗವ್ವನಿಗೆ ಹೇಳಲೂ ಇಲ್ಲ.

ಸಂಜೆ ಬಂಡಿ ಹೊರಟಾಗ ದಾರಿ ಸಭಾಭವನದ ಮುಂದೆಯೇ ಇತ್ತು. ದೀಪ ಹಚ್ಚಿದ್ದರು. ಮೃಗೇಂದ್ರಪ್ಪನವರು ಬಿಳಿಯ ರುಮಾಲು ಸುತ್ತಿ ವೇದಿಕೆಯ ಮೇಲೆ ನಿಂತಿದ್ದರು. ಹೊಸ ಸಂಗತಿಯೊಂದನ್ನು ಸೇರಿಸಿದ್ದರು: ಆಚೆಸೀಮೆಯವರು ಅನ್ನದ ಮುಂದೆ ಹೇಗೆ ಕೂತಿರುತ್ತಾರೆಂದು ಮಾಡಿ ತೋರಿಸುತ್ತಿದ್ದರು. ಬಲಗೈ ಚಾಚಿ, ಐದು ಬೆರಳು ಕೂಡಿಸಿ, ಇಲ್ಲದ ತಾಟಿನ ಮೇಲೆ ಹಿಡಿದಿದ್ದರು. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಎತ್ತುಗಳು ನಿಧಾನ ನಡೆಯುತ್ತಿದ್ದುದರಿಂದ ನಾನು ಕಿಟಕಿಯಿಂದ ಕಿಟಕಿಗೆ ನೋಡುತ್ತ ಹೋದೆ. ಕೊನೆಯ ಕಿಟಕಿ ದಾಟುವ ಹೊತ್ತಿಗೆ ನಗು ನಿಂತಿತ್ತು, ಜನ ಮುಂದಿನ ಮಾತಿಗೆ ಕಾಯುತ್ತಿದ್ದರು. ಅವರ ಕೈ ಮಾತ್ರ ಹಾಗೇ ತಡೆದು ನಿಂತಿತ್ತು.