ಚೌಕಾಬಾರದ ಬಾಗಿಲಲ್ಲಿ ಸಿಕ್ಕಿಕೊಂಡ ಫೋನು

ನಾನು ಒಂದು ಮೊಬೈಲ್ ಫೋನು. ಹೊಸದೇನಲ್ಲ, ನನ್ನ ವಾರಿಗೆಯವರೆಲ್ಲ ಗುಜರಿ ಸೇರಿ ಯಾವ ಕಾಲವಾಯಿತೋ. ನನ್ನ ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಬಿರುಕಿದೆ. ಬ್ಯಾಟರಿ ಚಾರ್ಜು ಹಿಡಿಯುವುದಿಲ್ಲ, ಚಾರ್ಜರಿನ ಬಾಲ ಸಿಕ್ಕಿಸದಿದ್ದರೆ ಕಣ್ಣೇ ಬಿಡುವುದಿಲ್ಲ. ಆದರೂ ಗುಳೇದಗುಡ್ಡದ ನಮ್ಮ ಗ್ರಂಥಾಲಯದಲ್ಲಿ ನನಗಿರುವ ಮರ್ಯಾದೆ ಈಗ ತಾನೇ ಅಂಗಡಿಯಿಂದ ಬಂದ ಫೋನಿಗೂ ಇಲ್ಲ. ಜಂಬ ಎಂದುಕೊಳ್ಳಬೇಡಿ. ಕತೆ ಕೇಳಿ, ಆಮೇಲೆ ನೀವೇ ಹೇಳಿ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ನೀಲಿ ಟೋಪಿ ತೊಟ್ಟ ಹುಡುಗಿಯರು ಸಾಲಾಗಿ ಕೂತಿದ್ದರು. ಒಬ್ಬಳು ನನ್ನ ಎದೆಗೆ ಬ್ಯಾಟರಿ ಕೂರಿಸಿದಳು, ಇನ್ನೊಬ್ಬಳು ತಿರುಪು ಬಿಗಿದಳು, ಮತ್ತೊಬ್ಬಳು ಗಾಜು ಹೊದಿಸಿದಳು. ಇವಳೇ ನನ್ನ ತಾಯಿ ಎಂದು ತೋರಿಸಲು ಯಾರೂ ಇಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಚೂರು ಹುಟ್ಟಿದವನು ನಾನು. ಆಗ ಅದು ದೊಡ್ಡ ಸಂಗತಿ ಅನ್ನಿಸಿರಲಿಲ್ಲ.

ನನ್ನ ಮೊದಲ ಯಜಮಾನರು ಖಣದ ಅಂಗಡಿಯ ವೀರಭದ್ರಪ್ಪನವರು. ಖಣವೆಂದರೆ ಕುಪ್ಪಸದ ಬಟ್ಟೆ. ನಮ್ಮೂರಿಗೆ ಹೆಸರು ತಂದದ್ದೇ ಅದು. ದಿನವಿಡೀ ಅದರ ಅಂಚು, ಬುಟ್ಟಾಗಳ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸುವುದು ನನ್ನ ಕೆಲಸ. ಯಜಮಾನರು ನನ್ನನ್ನು ಮಾರುದೂರ ಹಿಡಿದು, ಸೊಲ್ಲಾಪುರದ ಗಿರಾಕಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಿದ್ದರು. ಒಂದು ದಿನ ಅವರು ನೀರು ಕುಡಿಯಲು ಬಗ್ಗಿದಾಗ ನಾನು ಅಂಗಿಯ ಕಿಸೆಯಿಂದ ಜಾರಿ ಕಲ್ಲಿನ ಮೆಟ್ಟಿಲಿಗೆ ಬಡಿದೆ. ಬಿರುಕು ಬಿತ್ತು. ಮಗ ಹೊಸ ಫೋನು ತಂದುಕೊಟ್ಟ, ನಾನು ಕತ್ತರಿ, ದಾರದುಂಡೆಗಳ ಜೊತೆ ಮೇಜಿನ ಖಾನೆ ಸೇರಿದೆ.

ಅಲ್ಲಿಂದ ನನ್ನನ್ನು ಎತ್ತಿದವರು ಸುಮಿತ್ರಾ ಅಕ್ಕೋರು. ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಪ್ರತಿ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಊರಿನ ಹುಡುಗಿಯರಿಗೆ ಕೋಡಿಂಗ್ ಕಲಿಸುವವರು. ಖಣ ಕೊಳ್ಳಲು ಬಂದವರು ಯಜಮಾನರನ್ನು ಕೇಳಿದರು:

"ಸಾವಕಾರ್ರ, ಹಳೇ ಫೋನ್ ಇದ್ರ ಕೊಡ್ರಿ. ಎಷ್ಟ್ ಹಳೇದಿದ್ರ ಅಷ್ಟ್ ಚಲೋ."

"ಹಳೇದ್ಯಾಕ್ರಿ ಅಕ್ಕೋರ?"

"ನಮ್ಮ ಹುಡುಗ್ಯಾರೆಲ್ಲಾ ಕೂಡಿ ಒಂದು ಮೊಬೈಲ್ ಆಟ ಕಟ್ಟಾಕತ್ತಾರ್ರಿ. ಅದು ಇಂಥಾ ಮುದುಕ ಫೋನಿನ ಮ್ಯಾಲೆ ಓಡಿದ್ರ ಊರಾಗಿನ ಎಲ್ಲಾ ಫೋನಿನ್ಯಾಗೂ ಓಡತೈತಿ."

ಹೀಗೆ ನನ್ನ ಮುದಿತನವೇ ನನಗೆ ನೌಕರಿ ಕೊಡಿಸಿತು. ಹುಡುಗಿಯರು ನನಗೆ ಅಜ್ಜ ಎಂದು ಹೆಸರಿಟ್ಟರು.

ಆಟ ಯಾವುದೆಂದರೆ ಚೌಕಾಬಾರ. ಐದು ಸಾಲು, ಐದು ಕಂಬದ ಮನೆ ಬರೆದು, ಕವಡೆ ಹಾಕಿ, ಬಿದ್ದ ಗರದಷ್ಟು ಕಾಯಿ ನಡೆಸುವ ಆಟ. ಕಾಯಿ ಮೊದಲು ಹೊರಸುತ್ತು ಸುತ್ತಿ, ಆಮೇಲೆ ಒಳಸುತ್ತಿಗೆ ತಿರುಗಿ, ನಡುವಿನ ಹಣ್ಣಿನ ಮನೆ ಸೇರಬೇಕು. ದಾರಿಯಲ್ಲಿ ಎದುರಿನವರ ಕಾಯಿ ಸಿಕ್ಕರೆ ಕಡಿದು ವಾಪಸು ಕಳಿಸಬಹುದು. "ಚೌಕಾಬಾರ ಯಾರಿಗೆ ಬರೂದಿಲ್ಲ?" ಎಂದು ಅಕ್ಕೋರು ಹಲಗೆಯ ಮೇಲೆ ಮನೆ ಮಾತ್ರ ಬರೆದು ಕೆಲಸ ಹಂಚಿದರು. ಒಬ್ಬಳಿಗೆ ಕವಡೆ, ಒಬ್ಬಳಿಗೆ ಬಣ್ಣ, ಒಬ್ಬಳಿಗೆ ಸದ್ದು. ಕಡಿಯುವ ನಿಯಮ ಹಸೀನಾಳಿಗೆ. ಕಾಯಿ ನಡೆಸುವುದು ದಾನಮ್ಮನಿಗೆ.

ಈ ದಾನಮ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿ ಮನೆಯಲ್ಲೇ ಉಳಿದಿದ್ದಳು, ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಲೆಕ್ಕ ಎಂಬುದು ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ಅವಳೇ ತೀರ್ಪು ಕೊಟ್ಟುಕೊಂಡಿದ್ದಳು. ಗೆಳತಿ ಹಸೀನಾ ಕೈಹಿಡಿದು ಎಳೆದು ತಂದಿದ್ದರಿಂದ ಬಂದವಳು. ನನ್ನನ್ನು ಮುಟ್ಟುವ ಮೊದಲು ದುಪಟ್ಟಾದ ತುದಿಯಿಂದ ನನ್ನ ಮುಖ ಒರೆಸುತ್ತಿದ್ದವಳು ಅವಳೊಬ್ಬಳೇ. ನನಗೆ ಅವಳೆಂದರೆ ಪ್ರೀತಿ, ಮುಚ್ಚುಮರೆ ಏಕೆ?

ಶನಿವಾರ ಬಂತೆಂದರೆ ಎಲ್ಲರ ಚೂರುಗಳನ್ನೂ ಜೋಡಿಸಿ ನನ್ನೊಳಗೆ ಹಾಕುವರು. ಕವಡೆ ಉರುಳಿದವು, ಸದ್ದು ಕೇಳಿತು, ಹಸೀನಾಳ ನಿಯಮವೂ ಸರಿಯಾಗಿ ಕೂತಿತು. ಕೊನೆಗೆ ದಾನಮ್ಮನ ಚೂರು ಬಂತು. ಕೆಂಪು ಕಾಯಿ ಹೆಜ್ಜೆ ಹಾಕಿತು. ತಿರುವು ತಿರುಗಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಕಾಯಿ ಒಳಸುತ್ತಿನ ಬಾಗಿಲಿಗೆ ಬಂತು, ಅಲ್ಲೇ ನಿಂತುಬಿಟ್ಟಿತು.

ನನ್ನೊಳಗೆ ಏನಾಯಿತು ಗೊತ್ತೇ? ದಾನಮ್ಮನ ಚೂರು, "ಸುತ್ತು ಮುಗಿಯಿತು, ಒಳಗೆ ನಡಿ" ಎಂದಿತು. ಹಸೀನಾಳ ಚೂರು, "ಇದಿನ್ನೂ ಯಾರನ್ನೂ ಕಡಿದಿಲ್ಲ, ಒಳಗೆ ಬಿಡೆನು, ಮತ್ತೆ ನಡೆಸು" ಎಂದಿತು. ಇದು ಮತ್ತೆ "ಒಳಗೆ ನಡಿ" ಎಂದಿತು. ಅದು ಮತ್ತೆ "ಬಿಡೆನು" ಎಂದಿತು. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಾನು. ಮೈಯೆಲ್ಲ ಕೆಂಡವಾಗಿ, ಕೊನೆಗೆ ಕಣ್ಣು ಕತ್ತಲೆ ಬಂದು ಆರಿಹೋದೆ.

ಮತ್ತೆ ಹಚ್ಚಿದರು, ಮತ್ತೆ ಅಲ್ಲೇ ನಿಂತೆ. ದಾನಮ್ಮನ ಚೂರು ತೆಗೆದರೆ ಸರಿ, ಹಾಕಿದರೆ ನಿಲ್ಲುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ.

"ನಾ ಮೊದಲಽ ಹೇಳಿದ್ನಲ್ಲ," ಎಂದಳು ದಾನಮ್ಮ. "ನನಗ ಲೆಕ್ಕ ಬರೂದಿಲ್ಲ. ನನ್ನಿಂದ ಎಲ್ಲಾರ ಆಟಾನೂ ಕೆಟ್ಟತು."

ಚಪ್ಪಲಿ ಮೆಟ್ಟಿಕೊಂಡು ಹೋದವಳು ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅವಳ ತಪ್ಪಿಲ್ಲವೆಂದು ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬನಿಗೇ. ದಿನಗಟ್ಟಲೆ ಊರವರ ಮಾತು ಹೊತ್ತವನು ನಾನು, ಆದರೆ ನನ್ನದೆನ್ನುವ ಒಂದು ಮಾತು ಆಡಲು ನನಗೆ ಬಾಯಿಲ್ಲ. ಅಷ್ಟು ದುಃಖ ಖಾನೆಯಲ್ಲಿ ಬಿದ್ದಿದ್ದಾಗಲೂ ಆಗಿರಲಿಲ್ಲ.

ಕಡೆಗೆ ಅಕ್ಕೋರೇ ಎದ್ದರು. ನನ್ನನ್ನು ಚೀಲಕ್ಕೆ ಹಾಕಿಕೊಂಡು, ಹಸೀನಾಳನ್ನು ಕರೆದುಕೊಂಡು ದಾನಮ್ಮನ ಮನೆಗೆ ನಡೆದರು. ಒಳಗೆ ಮಗ್ಗ ಲಟಪಟ ಎನ್ನುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಅವಳ ಅಜ್ಜಿ ಕೂತಿದ್ದರು. ಆ ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಆ ಕಟ್ಟೆಯ ಕಲ್ಲಿನಲ್ಲಿ ಯಾವ ಕಾಲದಲ್ಲೋ ಉಳಿಯಿಂದ ಕೆತ್ತಿದ ಚೌಕಾಬಾರದ ಮನೆ ಇತ್ತು. ದಾನಮ್ಮ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅಕ್ಕೋರು ಎಷ್ಟು ಹೇಳಿದರೂ ಅವಳದು ಒಂದೇ ಮಾತು: "ಬ್ಯಾಡ್ರಿ ಅಕ್ಕೋರ."

ಆಯಿಗೆ ಈ ಮಾತುಕತೆ ಬೇಸರವಾಯಿತು. "ಬಂದೀರಿ, ಒಂದಾಟ ಆಡ್ರಿ. ಆಮ್ಯಾಲೆ ಮಾತಾಡೀರಂತ," ಎಂದು ಸೊಂಟದ ಚೀಲದಿಂದ ಕವಡೆ ಸುರಿದರು. ಒಂದು ಕಡೆ ಆಯಿ, ಇನ್ನೊಂದು ಕಡೆ ಹಸೀನಾ. ಅಕ್ಕೋರು ನನ್ನ ಚಾರ್ಜರನ್ನು ಬಾಗಿಲ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ ನನ್ನನ್ನು ಕಲ್ಲಿನ ಪಕ್ಕ ಇಟ್ಟರು. ಆಯಿಯ ಕೈಯಲ್ಲಿ ಕವಡೆ ಹೇಳಿದ ಮಾತು ಕೇಳುತ್ತಿದ್ದವು. ಅವರ ಕಾಯಿ ಸುತ್ತು ಮುಗಿಸಿ ಬಾಗಿಲಿಗೆ ಬಂದು, ಹಿಂದುಮುಂದು ನೋಡದೆ ಒಳಗೆ ತಿರುಗಿತು.

ಹಸೀನಾ ಆಯಿಯ ಕೈಯನ್ನೇ ಹಿಡಿದಳು. "ಆಯಿ, ಮೋಸ! ಒಂದು ಕಾಯಿನೂ ಕಡೀದ ಒಳಗ ಹೆಂಗ ಬಂದ್ರಿ?"

"ಎಲ್ಲಿ ಮೋಸಲೇ? ನಾ ಮದಿವ್ಯಾಗಿ ಈ ಮನಿಗಿ ಬಂದಾಗಿಂದ ಹಿಂಗಽ ಆಡ್ತೀವಿ. ಯಾರನೂ ಕಡೀಲಾರದಽ ಒಳಗ ಬರಬಹುದು."

"ನಮ್ಮನ್ಯಾಗ ಕಡೀಲಿಲ್ಲಂದ್ರ ಹೊರಗಽ ಸುತ್ತಬೇಕ್ರಿ. ನಮ್ಮ ಅಮ್ಮಿ ನನಗೂ ಬಿಡೂದಿಲ್ಲ!"

"ಹಂಗಾರ ನಿಮ್ಮ ಅಮ್ಮಿನ್ನ ಕರ್ಕೊಂಬಾ, ನೋಡೇಬಿಡೂಣು!"

ಜಗಳ ಚೆನ್ನಾಗಿ ಹತ್ತಿತು. ನನಗೆ ಎದೆ ಕುಣಿಯಿತು. ನನ್ನೊಳಗೆ ನಡೆದ ಜಗಳವೇ ಈಗ ಕಲ್ಲಿನ ಮೇಲೆ, ಬಿಸಿಲಿನಲ್ಲಿ, ಕೈ ಕೈ ಹಿಡಿದುಕೊಂಡು ನಡೆಯುತ್ತಿತ್ತು. ನೋಡು ದಾನವ್ವ, ನೋಡು ಎಂದು ಮನಸ್ಸಿನಲ್ಲೇ ಕೂಗಿದೆ.

ಬಾಗಿಲಿಗೆ ಒರಗಿದ್ದವಳು ನೆಟ್ಟಗಾದಳು. ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಮೆಲ್ಲಗೆ ಬಂದು ದುಪಟ್ಟಾದಿಂದ ನನ್ನ ಮುಖ ಒರೆಸಿ ಆಟ ಹಚ್ಚಿದಳು. ಕೆಂಪು ಕಾಯಿ ನಡೆಯುತ್ತ ಬಂದು ಅದೇ ಬಾಗಿಲಲ್ಲಿ ನಿಂತಿತು.

"ಅಕ್ಕೋರ," ಎಂದಳು ದಾನಮ್ಮ, "ನಾ ನಮ್ಮನಿ ಆಟ ಬರದೀನ್ರಿ. ಹಸೀನಾ ಅವರ ಮನಿ ಆಟ ಬರದಾಳ. ಇಬ್ಬರ್ದೂ ಖರೇನ ಐತ್ರಿ. ಎರಡೂ ಕೂಡಿ ಅಜ್ಜನ ಕುತಿಗಿ ಹಿಡದಾವು."

ಅಕ್ಕೋರು ಹಣೆ ಹಣೆ ಬಡಿದುಕೊಂಡು ನಕ್ಕರು. "ತಪ್ಪು ನಂದವ್ವಾ! ನಿಮ್ಮ ನಿಮ್ಮನ್ಯಾಗ ಹೆಂಗ ಆಡ್ತೀರಿ ಅಂತ ನಾ ಒಬ್ಬರನ್ನೂ ಕೇಳಲಿಲ್ಲ."

ಹಸೀನಾ ದಾನಮ್ಮನ ಬೆನ್ನಿಗೊಂದು ಗುದ್ದಿ, ಆಮೇಲೆ ಅಪ್ಪಿಕೊಂಡಳು. ಇಬ್ಬರೂ ಅತ್ತರು. ಆಯಿ ಮಾತ್ರ ಇದೇ ಸಮಯವೆಂದು ತಮ್ಮ ಕಾಯಿಯನ್ನು ಇನ್ನೆರಡು ಮನೆ ಮುಂದೆ ಸರಿಸಿದರು. ಅದನ್ನು ನಾನು ನೋಡಿದೆ.

ಆಮೇಲಿನ ಶನಿವಾರ ಯಾವ ನಿಯಮ ಇಡಬೇಕು, ಯಾವುದು ಬಿಡಬೇಕು ಎಂಬ ಮಾತು ಬಂತು. ದಾನಮ್ಮ ಎರಡನ್ನೂ ಇಟ್ಟಳು. ಆಟ ಶುರುವಾಗುವ ಮೊದಲು ನನ್ನ ಮುಖದ ಮೇಲೆ ಒಂದು ಪ್ರಶ್ನೆ ಮೂಡುವಂತೆ ಬರೆದಳು: "ನಿಮ್ಮ ಮನೆಯಲ್ಲಿ ಹೇಗೆ ಆಡುತ್ತೀರಿ?" ಅದರ ಕೆಳಗೆ ಎರಡು ಗುಂಡಿ. "ಹಸೀನಾಳ ಮನೆಯಂತೆ" ಎಂದು ಒಂದರ ಮೇಲೆ ದಾನಮ್ಮ ಬರೆದಳು. "ದಾನಮ್ಮನ ಮನೆಯಂತೆ" ಎಂದು ಇನ್ನೊಂದರ ಮೇಲೆ ಹಸೀನಾ ಬರೆದಳು. ಕಾಯಿ ಬಾಗಿಲು ದಾಟಿ ಒಳಗೆ ನಡೆಯಿತು, ಹಣ್ಣಾಯಿತು. ಬಾಯಿಲ್ಲದ ನನಗೆ ಅವರು ಒಂದು ಮಾತು ಕೊಟ್ಟಿದ್ದರು, ಅದೂ ನಾನು ಆಡಬೇಕೆಂದು ಒದ್ದಾಡಿದ್ದ ಮಾತನ್ನೇ.

ಈಗ ನಾನು ಗ್ರಂಥಾಲಯದ ಗಾಜಿನ ಕಪಾಟಿನಲ್ಲಿರುತ್ತೇನೆ, ನಿಘಂಟುಗಳ ಪಕ್ಕ. ಶನಿವಾರ ಮಾತ್ರ ಹೊರಗೆ ಬರುತ್ತೇನೆ. ಹೊಸ ಹುಡುಗಿಯರಿಗೆ ಕಲಿಸುವವಳು ಈಗ ದಾನಮ್ಮ. ಸುಮಿತ್ರಾ ಅಕ್ಕೋರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಒಬ್ಬಳ ಕೈಯಲ್ಲಿ ಪೂರ್ತಿ ಹುಟ್ಟುವುದು ಯಾವುದೂ ಇಲ್ಲವೆಂದು ಆ ಕೋಣೆಯಲ್ಲಿ ನನ್ನಷ್ಟು ಬಲ್ಲವರು ಬೇರೆ ಇಲ್ಲ.

ಮೊನ್ನೆ ಒಬ್ಬ ಹೊಸ ಹುಡುಗಿ ಬರೆದ ಚೂರು ಸೇರಿಸಿದೊಡನೆ ನಾನು ನಿಂತುಬಿಟ್ಟೆ. ಅವಳ ಮುಖ ಸಣ್ಣದಾಯಿತು, ಕೈ ಚೀಲದ ಕಡೆ ಹೋಯಿತು. ದಾನಮ್ಮ ನನ್ನ ಕಡೆಗಾಗಲಿ ಕೋಡಿನ ಕಡೆಗಾಗಲಿ ನೋಡಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕೂತಳು.

"ಬಾ ಇಲ್ಲಿ, ಕೂಡು. ನಿಮ್ಮನ್ಯಾಗ ಹೆಂಗ ಆಡ್ತೀರಿ, ಮೊದಲ ಅದನ್ನ ಹೇಳು."

ಹುಡುಗಿ ಚೀಲ ಕೆಳಗಿಟ್ಟು ಕೂತಳು. ನಾನು ಬಾಗಿಲಲ್ಲಿ ಸಿಕ್ಕಿಕೊಂಡೇ ಕಾದೆ. ಅವಸರವೇನಿಲ್ಲ, ಚಾರ್ಜರು ಗೋಡೆಗೆ ಸಿಕ್ಕಿಸಿಯೇ ಇತ್ತು.