ಡಾಕ್ಟರ್ಡ್ ಪಟ

ಫ್ಯಾನಿನ ಒಂದು ರೆಕ್ಕೆ ಸೊಟ್ಟ, ಸುತ್ತಿಗೊಮ್ಮೆ ಟಕ್ ಎನ್ನುತ್ತದೆ, ತಿರುವನಂತಪುರದ ಇಷ್ಟು ದೊಡ್ಡ ಸರಕಾರಿ ಕಚೇರಿಯಲ್ಲಿ ಅದನ್ನು ಸರಿ ಮಾಡಿಸುವವರಿಲ್ಲವೇ — ಕಮಲಾಕ್ಷ ಬೆಂಚಿನ ತುದಿಗೆ ಜರುಗಿದ, ಮತ್ತೆ ಹಿಂದಕ್ಕೆ ಜರುಗಿದ, ಕುರಚ್ಚು ನೇರಂ ಕೂಡಿ ಚೇಟ್ಟಾ, ಇನ್ನು ಸ್ವಲ್ಪ ಹೊತ್ತು ಎಂದು ಜವಾನ ಹೇಳಿಹೋಗಿ ಗಂಟೆಯಾಯಿತು, ಪಕ್ಕದಲ್ಲಿ ಕೊಚ್ಚಿಯಿಂದ ಬಸ್ಸಿನಲ್ಲಿ ಜೊತೆಗೆ ಬಂದ ಸುಮಿತ್ರ, ಅವನ ಕಿಸೆಯಲ್ಲಿ ಕಾಗದ, ಕಾಗದದಲ್ಲಿ ಆ ಶಬ್ದ, ಡಾಕ್ಟರ್ಡ್, ಸುಮಿತ್ರಳ ಪಿಂಚಣಿ ಅರ್ಜಿಯ ಜೊತೆ ಇಟ್ಟ ಗಂಡಹೆಂಡಿರ ಪಟ ಡಾಕ್ಟರ್ಡ್ ಎಂದು ಕಾಣುತ್ತದೆ, ಪಟ ತೆಗೆದವನು ಬಂದು ಹೇಳಿಕೆ ಕೊಡತಕ್ಕದ್ದು. ಮೊದಲು ಓದಿದಾಗ ಒಳಗೊಳಗೇ ಹಿಗ್ಗಿದ್ದ, ಡಾಕ್ಟರೆಂದರೆ ಗುಣ ಮಾಡುವವನು, ಫೋರ್ಟ್ ಕೊಚ್ಚಿಯ ಸ್ಟುಡಿಯೋದಲ್ಲಿ ಹದಿನೆಂಟು ವರ್ಷ ಅವನು ಮಾಡಿದ್ದು ಅದನ್ನೇ ಅಲ್ಲವೇ, ಮಾಲುಗಣ್ಣು ನೇರ, ಸಿಡುಬಿನ ಕಲೆ ಮಾಯ, ಮುಚ್ಚಿದ ರೆಪ್ಪೆಯ ಮೇಲೆ ಕುಂಚದ ತುದಿಯಿಂದ ಕಣ್ಣು ತೆರೆಸಿದ್ದು, ಮಗ ಹುಟ್ಟುವ ಮೊದಲೇ ಹೋದ ತಂದೆಯನ್ನು ಮಗನ ಪಕ್ಕದಲ್ಲಿ ನಿಲ್ಲಿಸಿದ್ದು. ಎರ್ನಾಕುಳಂನ ವಕೀಲ ರಾಧಾಕೃಷ್ಣರು, ಅವರೂ ಕಾಸರಗೋಡಿನವರೇ, ನಕ್ಕುಬಿಟ್ಟರು, ಅಲ್ಲ ಮಾರಾಯ, ಇಂಗ್ಲಿಷಿನಲ್ಲಿ ಅದನ್ನೇ ಕಳ್ಳ ಕೆಲಸಕ್ಕೂ ಹೇಳುವುದುಂಟು, ಸಾರಾಯಿಗೆ ಎಂತದೋ ಬೆರೆಸಿದರೆ ಡಾಕ್ಟರ್ಡ್, ದಸ್ತಾವೇಜು ತಿದ್ದಿದರೆ ಡಾಕ್ಟರ್ಡ್, ಪಟದಲ್ಲಿ ಇಲ್ಲದವನನ್ನು ತಂದು ಕೂರಿಸಿದರೂ ಅದೇ, ಬರೇ ತಿದ್ದಿದ್ದಲ್ಲ, ಮೋಸ ಮಾಡ್ಲಿಕ್ಕೆ ತಿದ್ದಿದ್ದು, ಗೊತ್ತಾಯ್ತಾ? — ಗೊತ್ತಾಯಿತು, ಮೋಸ, ಯಾರಿಗೆ, ಯಾರು ಮಾಡಿದ್ದು.

ಸುಬ್ರಾಯ ಸುಮಿತ್ರಳ ಗಂಡನಲ್ಲದಿದ್ದರೆ ಇನ್ನು ಯಾರು, ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಂದ ಕೊಚ್ಚಿಗೆ ವರ್ಗವಾಗಿ ಬಂದ ಗುಮಾಸ್ತ, ಜಾತಿ ಬೇರೆಯಾದ ಇವಳನ್ನು ಕುಂಬಳೆ ಕಡೆಯ ಸಣ್ಣ ಗುಡಿಯಲ್ಲಿ ತಾಳಿ ಕಟ್ಟಿ ಕರೆತಂದವನು, ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟ, ಇವಳು ಪಿಂಚಣಿಗೆ ಅರ್ಜಿ ಹಾಕಿದ್ದೇ ತಡ ಅವನ ತಮ್ಮ ಮೋಹನ ಸರಕಾರಕ್ಕೆ ಬರೆದ, ಅವಳು ನಮ್ಮ ಅಣ್ಣನ ಹೆಂಡತಿಯೇ ಅಲ್ಲ. ಅವಳು ಸ್ಟುಡಿಯೋಕ್ಕೆ ಬಂದದ್ದು ಅವನು ಹೋದ ಮೇಲೆ, ಅರ್ಜಿ ತಕರಾರು ಯಾವುದೂ ಶುರುವಾಗುವ ಮೊದಲು, ನಮ್ಮದು ಒಂದೂ ಪಟ ಇಲ್ಲ ಅಣ್ಣ, ಜೋಡಿಸಿ ಕೊಡ್ತೀರಾ, ಕೈಯಲ್ಲಿ ಸುಬ್ರಾಯನ ಆಫೀಸಿನವರ ಗುಂಪು ಪಟ, ಕಿರುಬೆರಳ ಉಗುರಿನಷ್ಟು ಮುಖ. ದೊಡ್ಡದು ಮಾಡಿ, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಅಂಚಿಗೆ ಬಣ್ಣ ತೀಡಿ, ಮತ್ತೊಮ್ಮೆ ಪಟ ಹಿಡಿದು — ಬೆಳಕು ಮಾತ್ರ ಕೂಡಲಿಲ್ಲ, ಅವಳ ಮುಖಕ್ಕೆ ಎಡದಿಂದ, ಅವನಿಗೆ ಬಲದಿಂದ, ನೆಗೆಟಿವ್ ಮಗುಚಿ ಹಾಕಿದರೆ ಸರಿಹೋಗುತ್ತಿತ್ತು, ಮಗುಚಿ ತೋರಿಸಿಯೂ ತೋರಿಸಿದ, ಅವಳು ನೋಡಿದವಳೇ, ಇದು ಯಾರು, ಇವರು ಬೈತಲೆ ತೆಗೆಯುವುದು ಎಡಕ್ಕೆ, ಇದು ಇವರಲ್ಲ. ಬೆಳಕು ತಪ್ಪಾದರೆ ತಪ್ಪಾಗಲಿ ಎಂದು ಬಿಟ್ಟ. ಈ ಕಚೇರಿಯಲ್ಲಿ ಯಾರೋ ಭೂತಗನ್ನಡಿ ಹಿಡಿದು ಕಂಡದ್ದು ಆ ಬೆಳಕನ್ನೇ. ಕಮಲಾಕ್ಷನ್, ಅಗತ್ತು ವರೂ — ಒಳಗೆ ಕರೆಯುತ್ತಿದ್ದಾರೆ, ಸುಮಿತ್ರಳೂ ಎದ್ದಳು, ಕಾಲಿಗೆ ಚಪ್ಪಲಿ ಸಿಗುತ್ತಿಲ್ಲ, ಸಿಕ್ಕಿತು, ಅಧಿಕಾರಿ ತಲೆಯೆತ್ತಲಿಲ್ಲ, ಈ ಪಟ ಹಿಡಿಯುವಾಗ ಸುಬ್ರಾಯ ಎಲ್ಲಿ ಕೂತಿದ್ದ? ಪಕ್ಕದಲ್ಲೇ ಸರ್ ಎಂದರೆ ಮುಗಿಯಿತು, ಎರಡೇ ಶಬ್ದ, ಅವಳು ಹೆಂಡತಿಯಾಗುತ್ತಾಳೆ, ಆದರೆ ಇಲ್ಲಿಯ ತನಕ ಅವನು ಯಾರಿಂದಲೂ ಏನನ್ನೂ ಮುಚ್ಚಿಟ್ಟಿಲ್ಲ, ಈಗ ಹೌದೆಂದರೆ ವಕೀಲರು ಹೇಳಿದ ಅರ್ಥ ಸರಿಯಾಗಿ ಅವನ ಮೇಲೆಯೇ ಕೂರುತ್ತದೆ — ಇರಲಿಲ್ಲ ಸರ್, ಸತ್ತು ಮೂರು ತಿಂಗಳಾಗಿತ್ತು, ಇವರೊಬ್ಬರೇ ಕೂತದ್ದು, ನಾನು ಜೋಡಿಸಿದ್ದು, ಸರ್, ಬೆಳಕಿನ ತಪ್ಪು ಯಾಕೆ ಉಳಿಯಿತು ಅಂತಲೂ ಕೇಳಿ, ಬೈತಲೆ ಎಡಕ್ಕೋ ಬಲಕ್ಕೋ ಅಂತ ಹೆಂಡತಿಯಲ್ಲದವಳು ಹಟ ಹಿಡಿಯುತ್ತಾಳಾ? ಹೇಳುತ್ತಿದ್ದಂತೆ ಖಾಲಿ ಬೆಂಚು ಕಣ್ಣಿಗೆ ಬಂತು, ಸ್ಟುಡಿಯೋದ ಬೆಂಚು, ಅದರ ಒಂದು ತುದಿಯಲ್ಲಿ ಅವಳು. ಅಧಿಕಾರಿ ಬಹಳ ಹೊತ್ತು ಪಟ ನೋಡಿದ, ಮತ್ತೆ ಕೆಂಪು ಶಾಯಿಯಲ್ಲಿ ಬರೆದ, ಪಟ ಸಾಕ್ಷಿಯಲ್ಲ, ಕಡತದಲ್ಲಿರಲಿ, ಫೋಟೋದವನ ಮೇಲೆ ಕ್ರಮ ಬೇಡ, ಗುಡಿಯ ಭಟ್ಟರನ್ನೂ ಮದುವೆ ಕಂಡ ಇನ್ನೊಬ್ಬರನ್ನೂ ಒಂದು ತಿಂಗಳೊಳಗೆ ಕರೆತನ್ನಿ, ಅಲ್ಲಿಯ ತನಕ ಅರ್ಜಿ ತಳ್ಳುವುದಿಲ್ಲ.

ಅಷ್ಟಾಯಿತಲ್ಲ, ಬಾಗಿಲು ಪೂರ್ತಿ ಮುಚ್ಚಲಿಲ್ಲವಲ್ಲ, ಭಟ್ಟರು ಬದುಕಿದ್ದಾರೆ, ಬರುತ್ತಾರೆ, ಹಾಗೆಂದು ಅವನು ಸಮಾಧಾನ ಹೇಳುತ್ತಲೇ ಮೆಟ್ಟಿಲಿಳಿದ, ಬಿಸಿಲು, ಬಸ್ಸಿನ ಹಾರನ್, ಸುಮಿತ್ರ ಅಲ್ಲೇ ನಿಂತಳು, ಜೋಡಿಸಿದ್ದು ಅಂತ ಹೇಳಿದ್ದು ಪರವಾಗಿಲ್ಲ ಅಣ್ಣ, ಭಟ್ಟರನ್ನು ನಾನು ತರ್ತೇನೆ, ಆದರೆ ಒಬ್ಬಳೇ ಕೂತದ್ದು ಅಂತ ಯಾಕೆ ಹೇಳಿದ್ರಿ? ಮತ್ತೆ ಆ ಬೆಂಚು, ಸ್ಟುಡಿಯೋದ್ದು, ಪಟ ತೆಗೆದ ದಿನ, ನಡುವಿಗೆ ಬನ್ನಿ ಎಂದು ಕ್ಯಾಮರಾದ ಕರಿಬಟ್ಟೆಯೊಳಗಿಂದ ಅವನು ಹೇಳುತ್ತಿದ್ದಾನೆ, ಬೇಡ ಅಣ್ಣ, ಅವರಿಗೆ ಜಾಗ ಬೇಕಲ್ಲ, ಅವಳು ಬಗ್ಗಿ, ಬೆಂಚಿನ ಖಾಲಿ ಅರ್ಧದ ಮೇಲೆ ಹರಡಿದ ಸೆರಗನ್ನು, ಯಾರೋ ಅದರ ಮೇಲೆ ಕೂತುಬಿಡುತ್ತಾರೆಂಬಂತೆ, ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ, ಎಳೆದುಕೊಳ್ಳುತ್ತಾಳೆ